ಕಲ್ಯಾಣದ ಪುನಾರಚನೆ: ಡಿಜಿಟಲ್ ಕಲೆಯಲ್ಲಿ ಸಾಕ್ಷ್ಯ ಮತ್ತು ಕಲ್ಪನೆ

ವಿಶ್ವವಿದ್ಯಾಲಯಗಳ ಕಲಾವಿಭಾಗಗಳು ವರ್ಷಕ್ಕೊಮ್ಮೆ ತಮ್ಮ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಸಾಧನೆಗಳನ್ನು ಪಟ್ಟಿಮಾಡಿ ಪ್ರಕಟಿಸುವುದು ವಾಡಿಕೆ. ಪ್ರದರ್ಶನಗಳೆಷ್ಟು, ಬಹುಮಾನಗಳೆಷ್ಟು, ಪ್ರಬಂಧಗಳೆಷ್ಟು ಎಂದು ಎಣಿಸುವುದು ಕಷ್ಟವಲ್ಲ. ಆದರೆ ಡಿಜಿಟಲ್ ಕಲೆಯು ಪಠ್ಯಕ್ರಮದೊಳಗೆ ಬಂದ ಮೇಲೆ ಎಣಿಕೆಗೆ ಸಿಕ್ಕದ ಪ್ರಶ್ನೆಯೊಂದು ತಲೆದೋರಿದೆ. ಅಳಿದುಹೋದ ದೇವಾಲಯವನ್ನೋ ರಾಜಧಾನಿಯನ್ನೋ ಗಣಕಯಂತ್ರದಲ್ಲಿ ಮತ್ತೆ ಕಟ್ಟಿ ತೋರಿಸುವ ವಿದ್ಯಾರ್ಥಿಯ ಕೆಲಸವನ್ನು ಕಲೆಯೆಂದು ಕರೆಯಬೇಕೋ ಸಂಶೋಧನೆಯೆಂದು ಕರೆಯಬೇಕೋ? ಅದರ ಯೋಗ್ಯತೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ಪ್ರದೇಶಗಳನ್ನು ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಇಂತಹ ವಿವೇಚನೆಗೆ ಕಲ್ಯಾಣಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಇಲ್ಲಿಂದ ಆಳಿದನು. ಕಾಶ್ಮೀರದಿಂದ ಬಂದ ಬಿಲ್ಹಣನೂ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನೂ ಅವನ ಕಾಲದವರು. ಅನಂತರ ಕಳಚುರಿ ಬಿಜ್ಜಳನ ಕಾಲದಲ್ಲಿ ಬಸವಣ್ಣನವರೂ ಇತರ ಶರಣರೂ ಇದೇ ಊರಿನಲ್ಲಿ ಬಾಳಿದರು. ಇಷ್ಟು ದೊಡ್ಡ ಹೆಸರಿನ ನಗರದಲ್ಲಿ ಆ ಕಾಲದ ಅರಮನೆಯಾಗಲಿ ಬೀದಿಗಳಾಗಲಿ ಇಂದು ಕಣ್ಣಿಗೆ ಬೀಳುವುದಿಲ್ಲ. ಈಗ ನಾವು ಕಾಣುವ ಕೋಟೆಯ ರೂಪವು ಬಹುಮಟ್ಟಿಗೆ ಬಹಮನಿಗಳ ಮತ್ತು ಅವರ ಅನಂತರದವರ ಕಾಲಕ್ಕೆ ಸೇರಿದ್ದು. ಹೆಸರು ಹಿರಿದು, ಉಳಿದ ಗುರುತು ಕಿರಿದು. ಇಂತಹ ಸ್ಥಳವೇ ಕಲಾವಿದನ ಕಲ್ಪನೆಯನ್ನು ಹೆಚ್ಚಾಗಿ ಸೆಳೆಯುತ್ತದೆ.

ಗುರುತುಗಳು ಏನೂ ಇಲ್ಲವೆಂದಲ್ಲ. ಬಸವಕಲ್ಯಾಣಕ್ಕೆ ಸಮೀಪದ ನಾರಾಯಣಪುರದಲ್ಲಿಯೂ ಹುಮನಾಬಾದಿಗೆ ಸಮೀಪದ ಜಲಸಂಗ್ವಿಯಲ್ಲಿಯೂ ಚಾಳುಕ್ಯರ ಕಾಲದ ಶಿವದೇವಾಲಯಗಳಿವೆ. ಜಲಸಂಗ್ವಿಯ ಗುಡಿಯ ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ಶಾಸನವನ್ನು ಬರೆಯುತ್ತಿರುವವಳು. ಅವಳು ಬರೆಯುತ್ತಿರುವ ಅಕ್ಷರಗಳು ಬರಿಯ ಅಲಂಕಾರವಲ್ಲ. ವಿಕ್ರಮಾದಿತ್ಯನನ್ನು ಹೊಗಳುವ ಓದಬಲ್ಲ ಸಂಸ್ಕೃತ ವಾಕ್ಯ. ಶಿಲ್ಪವೂ ಶಾಸನವೂ ಒಂದೇ ಕಲ್ಲಿನಲ್ಲಿ ಬೆರೆತಿರುವ ಈ ವಿಗ್ರಹವು ಬಯಲಿನ ಬಿಸಿಲುಮಳೆಗಳಿಗೆ ಒಡ್ಡಿಕೊಂಡೇ ನಿಂತಿದೆ. ಕಲ್ಲಿನ ಮೈ ಒಂದು ಕೂದಲೆಳೆಯಷ್ಟು ಸವೆದರೂ ಶಿಲ್ಪದ ಚೆಲುವಿಗೆ ಅಷ್ಟಾಗಿ ಕುಂದು ಬಾರದು. ಅಕ್ಷರವಾದರೋ ಅಳಿದೇ ಹೋದೀತು.

ಇಂತಹ ಅಕ್ಷರಗಳನ್ನು ಉಳಿಸಲು ಶಾಸನತಜ್ಞರು ಬಹುಕಾಲದಿಂದ ಪಡಿಯಚ್ಚನ್ನು ತೆಗೆಯುತ್ತಿದ್ದಾರೆ. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ತಟ್ಟಿ, ಮೇಲೆ ಮಸಿಯನ್ನು ಲೇಪಿಸಿದರೆ ಅಕ್ಷರಗಳು ಬಿಳಿದಾಗಿ ಉಳಿಯುತ್ತವೆ. ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಕುರಿತು ಪಿ. ಬಿ. ದೇಸಾಯಿಯವರು 1958ರಲ್ಲಿ ಪ್ರಕಟಿಸಿದ ಸಂಪುಟದಂತಹ ಗ್ರಂಥಗಳ ಹಿಂದೆ ಇರುವುದು ಈ ಬಗೆಯ ಶ್ರಮವೇ. ಆದರೆ ಪಡಿಯಚ್ಚು ಸಮತಟ್ಟಾದ ಪ್ರತಿ. ಕಲ್ಲಿನ ಆಳವೂ ಶಿಲ್ಪದ ಉಬ್ಬುತಗ್ಗುಗಳೂ ಅದರಲ್ಲಿ ಇಳಿಯವು.

ಡಿಜಿಟಲ್ ಕಲೆಯ ವಿದ್ಯಾರ್ಥಿಯು ಇಲ್ಲಿ ನೆರವಾಗಬಲ್ಲನು. ಫೋಟೋಗ್ರಾಮೆಟ್ರಿ ಎಂಬ ವಿಧಾನದಲ್ಲಿ ಒಂದು ವಸ್ತುವಿನ ಸುತ್ತ ನಿಂತು ಅನೇಕ ಛಾಯಾಚಿತ್ರಗಳನ್ನು ತೆಗೆಯುತ್ತಾರೆ. ಪ್ರತಿಯೊಂದು ಚಿತ್ರವೂ ಮುಂದಿನ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಒಳಗೊಂಡಿರಬೇಕು. ಒಂದೇ ಬಿಂದುವು ಬೇರೆ ಬೇರೆ ಚಿತ್ರಗಳಲ್ಲಿ ಎಲ್ಲೆಲ್ಲಿ ಬಿದ್ದಿದೆ ಎಂಬುದನ್ನು ಗಣಕಯಂತ್ರವು ಗುರುತಿಸಿ, ತ್ರಿಕೋನಗಳ ಲೆಕ್ಕದಿಂದ ಆ ಬಿಂದುವಿನ ಸ್ಥಾನವನ್ನು ನಿರ್ಧರಿಸುತ್ತದೆ. ಹೀಗೆ ದೊರೆತ ಲಕ್ಷಾಂತರ ಬಿಂದುಗಳನ್ನು ಜಾಲದಂತೆ ಹೆಣೆದಾಗ ವಿಗ್ರಹದ ಮೂರು ಆಯಾಮಗಳ ಪ್ರತಿ ಸಿದ್ಧವಾಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆದಿದ್ದರೆ ಮಾತ್ರ ಆ ಪ್ರತಿಯ ಅಳತೆಯನ್ನು ನಂಬಬಹುದು. ಪ್ರತಿಯ ಮೇಲೆ ಓರೆಬೆಳಕನ್ನು ಯಾವ ದಿಕ್ಕಿನಿಂದಾದರೂ ಹಾಯಿಸಿ, ಬಿಸಿಲಿನಲ್ಲಿ ಕಾಣದ ಗೀರುಗಳನ್ನು ಓದಲೂ ಬರುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಶಾಸನಗಳ ಡಿಜಿಟಲ್ ಸಂರಕ್ಷಣೆಯ ಯೋಜನೆಯು ಸ್ಕ್ಯಾನರ್ ಯಂತ್ರದ ಸಹಾಯದಿಂದ ಇದೇ ದಾರಿಯಲ್ಲಿ ನಡೆದಿದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳ ಮಟ್ಟದಲ್ಲಿಯೂ ಇದು ಅಸಾಧ್ಯವಾದುದಲ್ಲ. ಉತ್ತಮ ಕ್ಯಾಮೆರಾ, ತಾಳ್ಮೆ, ಗುಡಿಯ ಮೇಲ್ವಿಚಾರಣೆಯವರ ಅನುಮತಿ, ಇವು ಮೂರಿದ್ದರೆ ಕೆಲಸ ಮೊದಲಾಗಬಹುದು.

ಇಲ್ಲಿಯವರೆಗಿನದು ಇರುವುದನ್ನು ಇದ್ದಂತೆ ಹಿಡಿಯುವ ಕೆಲಸ. ತೊಡಕು ಬರುವುದು ಇಲ್ಲದುದನ್ನು ಕಟ್ಟಲು ಹೊರಟಾಗ. ಅನುಭವ ಮಂಟಪವನ್ನೇ ತೆಗೆದುಕೊಳ್ಳೋಣ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಬಸವಕಲ್ಯಾಣದಲ್ಲಿ ಅದರ ಸ್ಮರಣೆಗಾಗಿ ಮಂಟಪವೊಂದನ್ನು ಕಟ್ಟಿಸಿದರು. ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಿಲಾನ್ಯಾಸವಾಯಿತು. ಇವು ಇಂದಿನವರ ಗೌರವದ ಕಟ್ಟಡಗಳು. ಹನ್ನೆರಡನೆಯ ಶತಮಾನದ ಮಂಟಪದ ಪ್ರತಿಗಳಲ್ಲ. ಆ ಮಂಟಪದ ಅಳತೆಯನ್ನಾಗಲಿ ತಳವಿನ್ಯಾಸವನ್ನಾಗಲಿ ನಿಶ್ಚಯಿಸಬಲ್ಲ ಅವಶೇಷವು ಉಳಿದಿಲ್ಲ. ಶರಣರ ಸಂವಾದಗಳನ್ನು ಚಿತ್ರಿಸುವ ಶೂನ್ಯಸಂಪಾದನೆಯು ರಚಿತವಾದುದು ಹದಿನೈದನೆಯ ಶತಮಾನದಲ್ಲಿ. ಹೀಗಿರುವಲ್ಲಿ ಗಣಕಯಂತ್ರದಲ್ಲಿ ಮಂಟಪವನ್ನು ರಚಿಸುವ ವಿದ್ಯಾರ್ಥಿಯು ಕಂಬ, ಬೋದಿಗೆ, ಛಾವಣಿ ಎಲ್ಲವನ್ನೂ ಊಹಿಸಲೇಬೇಕು. ಊಹೆ ತಪ್ಪಲ್ಲ. ಆದರೆ ಪರದೆಯ ಮೇಲೆ ಮೂಡುವ ಚಿತ್ರವು ಅಳೆದ ಕಲ್ಲನ್ನೂ ಊಹಿಸಿದ ಕಲ್ಲನ್ನೂ ಒಂದೇ ಹೊಳಪಿನಲ್ಲಿ ತೋರಿಸುತ್ತದೆ. ನೋಡುವವನು ಎರಡನ್ನೂ ಒಂದೇ ಸಮನಾಗಿ ನಂಬುತ್ತಾನೆ. ಒಮ್ಮೆ ಜನಮನದಲ್ಲಿ ನೆಲೆಗೊಂಡ ಚಿತ್ರವನ್ನು ಮುಂದೆ ಅಗೆತದಲ್ಲಿ ಸಿಕ್ಕ ಸತ್ಯವೂ ಕದಲಿಸಲಾರದು.

ಈ ಭೇದವನ್ನು ಕಲ್ಯಾಣದ ದೊರೆಯೇ ಗುರುತಿಸಿದ್ದನೆಂಬುದು ಗಮನಾರ್ಹ. ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಸುಮಾರು 1130ರ ವೇಳೆಗೆ ರಚಿಸಿದ ಮಾನಸೋಲ್ಲಾಸವು ನೂರು ಅಧ್ಯಾಯಗಳ ಗ್ರಂಥ. ಅದರ ಚಿತ್ರಪ್ರಕರಣದಲ್ಲಿ ಗೋಡೆಯನ್ನು ನುಣುಪುಗೊಳಿಸುವ ಬಗೆ, ಎಮ್ಮೆಯ ಚರ್ಮವನ್ನು ಕುದಿಸಿ ಮಾಡುವ ವಜ್ರಲೇಪ, ಕರುವಿನ ಕಿವಿಯ ಕೂದಲಿನ ಕುಂಚ ಮೊದಲಾದ ವಿವರಗಳಿವೆ. ಅಲ್ಲಿಯೇ ಚಿತ್ರಗಳ ವಿಭಾಗವೂ ಇದೆ. ಕನ್ನಡಿಯಲ್ಲಿನ ಪ್ರತಿಬಿಂಬದಂತೆ ವಸ್ತುವನ್ನು ಹೋಲುವ ಚಿತ್ರವು ವಿದ್ಧ. ಮನಸ್ಸಿಗೆ ತೋರಿದಂತೆ ಬರೆದದ್ದು ಅವಿದ್ಧ. ಎರಡಕ್ಕೂ ಶಾಸ್ತ್ರದಲ್ಲಿ ಸ್ಥಾನವಿದೆ. ಆದರೆ ಹೆಸರು ಬೇರೆ. ಜಲಸಂಗ್ವಿಯ ಶಿಲ್ಪದ ಅಳತೆಬದ್ಧ ಪ್ರತಿಯನ್ನು ನಾವು ವಿದ್ಧವೆನ್ನಬಹುದು. ಅನುಭವ ಮಂಟಪದ ಡಿಜಿಟಲ್ ರಚನೆ ಅವಿದ್ಧ. ಎರಡನೆಯದನ್ನು ಮೊದಲನೆಯದರ ಹೆಸರಿನಿಂದ ಕರೆಯುವುದೇ ದೋಷ.

ಇದೇ ವಿವೇಕವನ್ನು ಆಧುನಿಕ ವಿದ್ವಾಂಸರು 2006ರ ಲಂಡನ್ ಸನ್ನದಿನಲ್ಲಿ ನಿಯಮವಾಗಿ ನಿರೂಪಿಸಿದರು. 2009ರಲ್ಲಿ ಅದು ಪರಿಷ್ಕೃತವಾಯಿತು. ಗಣಕದಲ್ಲಿ ರಚಿಸಿದ ಪುರಾತನ ದೃಶ್ಯದಲ್ಲಿ ಯಾವುದಕ್ಕೆ ಆಧಾರವಿದೆ, ಯಾವುದು ಊಹೆ, ಊಹೆಗೆ ಕಾರಣವೇನು ಎಂಬುದನ್ನು ನೋಡುವವನಿಗೆ ತಿಳಿಸತಕ್ಕದ್ದು ಎಂಬುದು ಅದರ ಸಾರ. ಆಚರಣೆಯಲ್ಲಿ ಇದು ಸರಳ. ಉಳಿದಿರುವ ಭಾಗಕ್ಕೆ ಒಂದು ಬಣ್ಣ; ನಾರಾಯಣಪುರ, ಜಲಸಂಗ್ವಿಗಳ ಸಮಕಾಲೀನ ಕಟ್ಟಡಗಳಿಂದ ಊಹಿಸಿದ್ದಕ್ಕೆ ಇನ್ನೊಂದು; ಕೇವಲ ಕಲ್ಪನೆಗೆ ಮತ್ತೊಂದು. ಜೊತೆಗೆ ಒಂದೊಂದು ನಿರ್ಧಾರಕ್ಕೂ ಕಾರಣವನ್ನು ಬರೆದಿಟ್ಟ ದಿನಚರಿ. ಹಂಪಿಯನ್ನು ಕುರಿತು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ನಡೆದ ಡಿಜಿಟಲ್ ಯೋಜನೆಯಲ್ಲಿ ತಂತ್ರಜ್ಞರು, ವಿನ್ಯಾಸಕಾರರು, ಇತಿಹಾಸಜ್ಞರು ಕೂಡಿ ದುಡಿದರು. ಅದರ ಫಲಿತಗಳು 2017ರಲ್ಲಿ ಗ್ರಂಥರೂಪದಲ್ಲಿ ಬಂದವು. ಕಲಾವಿದನೊಬ್ಬನಿಂದಲೇ ಆಗುವ ಕೆಲಸ ಇದಲ್ಲವೆಂಬುದಕ್ಕೆ ಆ ಯೋಜನೆ ಸಾಕ್ಷಿ.

ಆರಂಭದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಇಂತಹ ಕೆಲಸವು ಕಲೆಯೂ ಹೌದು, ಸಂಶೋಧನೆಯೂ ಹೌದು. ಆದರೆ ಅದು ಸಂಶೋಧನೆಯಾಗುವುದು ಕಾರಣಗಳ ದಿನಚರಿಯನ್ನು ಜೊತೆಗಿಟ್ಟಾಗ ಮಾತ್ರ. ಬಹುಮಾನ ಪಡೆದ ಮನೋಹರ ದೃಶ್ಯವೊಂದಕ್ಕಿಂತ, ಅಳತೆಪಟ್ಟಿಯೊಡನೆ ಹಿಡಿದು ಎಲ್ಲರಿಗೂ ತೆರೆದಿಟ್ಟ ಒಂದು ಶಾಸನಶಿಲ್ಪದ ಪ್ರತಿಯು ವಿಭಾಗದ ಹೆಚ್ಚಿನ ಸಾಧನೆ. ಮೊದಲನೆಯದನ್ನು ಯಾರಾದರೂ ಮತ್ತೆ ರಚಿಸಬಹುದು, ಎರಡನೆಯದನ್ನು ಕಲ್ಲು ಸವೆದ ಮೇಲೆ ಯಾರೂ ರಚಿಸಲಾರರು. 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದ ಹಾಗೂ 2023ರಲ್ಲಿ ಆರಂಭವಾದ ಬೀದರ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಈ ಕ್ಷೇತ್ರವು ಮನೆಯಂಗಳದಂತೆ ಸಮೀಪದಲ್ಲಿದೆ. ಜಲಸಂಗ್ವಿಯ ಶಿಲಾಬಾಲಿಕೆ ಒಂಬೈನೂರು ವರ್ಷಗಳಿಂದ ಬರೆಯುತ್ತಲೇ ಇದ್ದಾಳೆ. ಅವಳು ಬರೆದುದನ್ನು ಮುಂದಿನವರೂ ಓದುವಂತೆ ಮಾಡುವುದು ನಮ್ಮ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಪಾಲಿಗೆ ಬಂದಿರುವ ಕೆಲಸ.