ಕಾಲಿಗೆ ಒಪ್ಪಿಸುವ ಕೆಲಸ: ನಾಟಕದ ಮೇಳಕ್ಕೊಂದು ಮಿಡಿ ಪೆಡಲ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕುರುಕ್ಷೇತ್ರ ಆಡದ ಊರು ಕಡಿಮೆ. ಹಾಲ್ಕುರಿಕೆ ಸುತ್ತಮುತ್ತಲ ತೆಂಗಿನ ತೋಟಗಳ ನಡುವೆಯೂ ರಾತ್ರಿ ಊಟವಾದ ಮೇಲೆ ತಾಲೀಮು ಕೂರುವ ಪದ್ಧತಿ ಹಳೆಯದು. ಅಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವವರು ಹಾರ್ಮೋನಿಯಂ ಮೇಷ್ಟ್ರು. ಮಾತು ತಿದ್ದುವವರು, ಹಾಡು ಕಲಿಸುವವರು, ನಾಟಕದ ರಾತ್ರಿ ಬೆಳಗಿನವರೆಗೂ ಪೆಟ್ಟಿಗೆ ಬಿಡದೆ ಕೂರುವವರು ಅವರೇ. ಈಗ ಆ ಪೆಟ್ಟಿಗೆಯ ಪಕ್ಕ ಕೀಬೋರ್ಡು ಬಂದಿದೆ, ರಿದಂ ಪ್ಯಾಡು ಬಂದಿದೆ, ಕೆಲವು ಕಡೆ ಲ್ಯಾಪ್‌ಟಾಪೂ ಬಂದಿದೆ. ಕೈ ಮಾತ್ರ ಎರಡೇ. ಕೃಷ್ಣ ರಂಗಕ್ಕೆ ಬರುವ ಹೊತ್ತಿಗೆ ಶಂಖದ ಸದ್ದು ಬೇಕೆಂದು ಒಂದು ಕೈ ಲ್ಯಾಪ್‌ಟಾಪಿನ ಕಡೆ ಹೋದರೆ ಹಾಡಿನ ಎತ್ತುಗಡೆ ಅಲ್ಲೇ ಸಡಿಲವಾಗುತ್ತದೆ. ಈ ಅಧ್ಯಾಯ ಆ ಕೈಯನ್ನು ಪೆಟ್ಟಿಗೆಯ ಮನೆಗಳ ಮೇಲೆಯೇ ಉಳಿಸುವ ಉಪಾಯದ ಬಗ್ಗೆ.

ಉಪಾಯ ಹೊಸದಲ್ಲ. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿಯೂ ಸೇರಿದಂತೆ ವೃತ್ತಿನಾಟಕದವರು ಲೆಗ್ ಹಾರ್ಮೋನಿಯಂ ಬಲ್ಲವರು. ಕೈ ಹಾರ್ಮೋನಿಯಂನಲ್ಲಿ ಎಡಗೈ ತಿದಿ ಒತ್ತಬೇಕು, ನುಡಿಸಲು ಬಲಗೈ ಒಂದೇ. ಲೆಗ್ ಹಾರ್ಮೋನಿಯಂನಲ್ಲಿ ತಿದಿಯ ಕೆಲಸ ಕಾಲಿನದು, ಎರಡೂ ಕೈ ಸ್ವರಕ್ಕೆ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೆ ನಾದ ತುಂಬಿಸಲು ಅದು ದಾರಿಯಾಗಿತ್ತು. ಕೈಗೆ ಹೊರೆಯಾದದ್ದನ್ನು ಕಾಲಿಗೆ ಕೊಟ್ಟ ಆ ಬುದ್ಧಿಯೇ ಮಿಡಿ ಪೆಡಲಿನಲ್ಲೂ ಇರುವುದು.

ಪೆಡಲಿನೊಳಗೆ ಸದ್ದು ಇರುವುದಿಲ್ಲ. ಅದು ಕಳಿಸುವುದು ಅಂಕಿಗಳನ್ನು. ಕೀಬೋರ್ಡಿನ ಸಸ್ಟೇನ್ ಪೆಡಲ್ ಒತ್ತಿದಾಗ ಕೀಬೋರ್ಡಿನಿಂದ ಕಂಪ್ಯೂಟರಿಗೆ ಹೋಗುವುದು ಮೂರು ಅಂಕಿ: 176, 64, 127. ಮೊದಲನೆಯದು ‘ಇದು ಕಂಟ್ರೋಲ್ ಸಂದೇಶ, ಒಂದನೇ ಚಾನೆಲ್‌ನದು’ ಎನ್ನುತ್ತದೆ. ಎರಡನೇ ಚಾನೆಲ್‌ಗೆ ಅದು 177 ಆಗುತ್ತದೆ, ಹದಿನಾರನೆಯದಕ್ಕೆ 191. ನಡುವಿನ 64 ಸಸ್ಟೇನ್‌ನ ಸಂಖ್ಯೆ. ಕೊನೆಯ 127 ಎಂದರೆ ಪೂರ್ತಿ ಒತ್ತಿದೆ ಎಂದು. ಕಾಲು ತೆಗೆದಾಗ ಅದೇ ಜಾಗದಲ್ಲಿ 0 ಹೋಗುತ್ತದೆ. ಹಳೆಯ ಐದು ಪಿನ್ನಿನ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್ ಓಡುತ್ತವೆ, ಹಾಗಾಗಿ ಈ ಮೂರು ಅಂಕಿ ತಲುಪಲು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಬೇಕಿಲ್ಲ.

ಈ ಅಂಕಿಗಳ ಭಾಷೆಗೇ ಮಿಡಿ ಎಂದು ಹೆಸರು. 1983ರ ಜನವರಿಯಲ್ಲಿ ಅಮೆರಿಕದ ಒಂದು ಸಂಗೀತವಾದ್ಯಗಳ ಪ್ರದರ್ಶನದಲ್ಲಿ ಸೀಕ್ವೆನ್ಶಿಯಲ್ ಸರ್ಕ್ಯೂಟ್ಸ್‌ನ ಪ್ರಾಫೆಟ್-600 ವಾದ್ಯವನ್ನೂ ಜಪಾನಿನ ರೋಲ್ಯಾಂಡ್‌ನ ಜುಪಿಟರ್-6 ವಾದ್ಯವನ್ನೂ ಒಂದು ತಂತಿಯಿಂದ ಜೋಡಿಸಿ ತೋರಿಸಿದರು. ಆ ಎರಡು ಕಂಪನಿಗಳ ಸ್ಥಾಪಕರಾದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಮುಂದಾಗಿ ನಿಂತು ಪೈಪೋಟಿಯ ಕಂಪನಿಗಳನ್ನು ಒಂದೇ ಭಾಷೆಗೆ ಒಪ್ಪಿಸಿದರು. ಅಂದು ಒಪ್ಪಿದ ಅಂಕಿಗಳೇ ಇಂದಿಗೂ ನಡೆಯುತ್ತಿರುವುದರಿಂದ ಇಪ್ಪತ್ತು ವರ್ಷ ಹಳೆಯ ಪೆಡಲ್ ಕೈಗೆ ಸಿಕ್ಕರೂ ಇಂದಿನ ಲ್ಯಾಪ್‌ಟಾಪ್ ಅದರ ಮಾತು ಕೇಳುತ್ತದೆ. ಇಂಥ ಬಾಳಿಕೆ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಅಪರೂಪ.

ಪೆಡಲ್ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಕೀಬೋರ್ಡಿಗೆ ಯುಎಸ್‌ಬಿ ಕಂಡಿಯೂ ಸಸ್ಟೇನ್ ಪೆಡಲೂ ಇದ್ದರೆ ಅದನ್ನೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕಲಿಯಿರಿ. ಒಂದು ಶಂಖನಾದ ಹೊರಡಿಸಲು ಅಷ್ಟು ಸಾಕು. ಕೀಬೋರ್ಡ್ ಆನ್ ಮಾಡುವಾಗ ಪೆಡಲ್ ಮೇಲೆ ಕಾಲಿಡಬೇಡಿ. ಬಹಳಷ್ಟು ಕೀಬೋರ್ಡುಗಳು ಆನ್ ಆಗುವ ಗಳಿಗೆಯಲ್ಲಿ ಪೆಡಲ್ ಹೇಗಿದೆಯೋ ಅದನ್ನೇ ‘ಬಿಟ್ಟ ಸ್ಥಿತಿ’ ಎಂದು ಹಿಡಿಯುತ್ತವೆ, ಆಮೇಲೆ ಎಲ್ಲ ತಿರುವುಮುರುವಾಗುತ್ತದೆ.

ಕೊಳ್ಳುವುದಾದರೆ ನಾಟಕಕ್ಕೆ ನಾಲ್ಕು ಗುಂಡಿಯದು ಸಾಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆರಿಂಜರ್ ಎಫ್‌ಸಿಬಿ1010ರಂಥ ದೊಡ್ಡದರಲ್ಲಿ ಹತ್ತು ಗುಂಡಿ, ಬ್ಯಾಂಕ್ ಬದಲಿಸಲು ಇನ್ನೆರಡು, ಜೊತೆಗೆ ಹಿಮ್ಮಡಿ-ತುದಿಗಾಲಲ್ಲಿ ಆಡಿಸುವ ಎರಡು ಎಕ್ಸ್‌ಪ್ರೆಷನ್ ಪೆಡಲ್. ಗಟ್ಟಿಮುಟ್ಟಾದ ಸಾಧನ, ನಿಜ. ಆದರೆ ಕತ್ತಲಲ್ಲಿ, ಚಪ್ಪಲಿ ಬಿಟ್ಟ ಕಾಲಲ್ಲಿ, ಕಣ್ಣು ಪಾತ್ರಧಾರಿಯ ಮೇಲಿರುವಾಗ ಏಳನೇ ಗುಂಡಿ ಯಾವುದೆಂದು ತಡಕುವುದು ಕಷ್ಟ. ಅದರಲ್ಲಿ ಐದು ಪಿನ್ನಿನ ಕಂಡಿ ಮಾತ್ರ ಇರುವುದರಿಂದ ಲ್ಯಾಪ್‌ಟಾಪಿಗೆ ಸೇರಿಸಲು ಮಿಡಿ-ಯುಎಸ್‌ಬಿ ಇಂಟರ್‌ಫೇಸ್ ಬೇರೆ ಬೇಕು. ಬ್ಲೂಟೂತಿನ ಚಿಕ್ಕ ಪೆಡಲುಗಳೂ ಸಿಗುತ್ತವೆ. ನೂರಾರು ಮೊಬೈಲು ಸೇರುವ ನಾಟಕದ ಬಯಲಿನಲ್ಲಿ ನಾನಾದರೆ ತಂತಿಯನ್ನೇ ನಂಬುತ್ತೇನೆ. ಯುಎಸ್‌ಬಿ ತಂತಿ ಐದು ಮೀಟರ್ ದಾಟದಿರಲಿ. ಐದು ಪಿನ್ನಿನದಾದರೆ ಹದಿನೈದು ಮೀಟರ್‌ವರೆಗೆ ಎಳೆಯಬಹುದು.

ಜೋಡಿಸಿದ ಮೇಲೆ ಮೊದಲು ನೋಡಬೇಕಾದ್ದು ಪೆಡಲ್ ಏನು ಕಳಿಸುತ್ತಿದೆ ಎಂಬುದನ್ನು. ವಿಂಡೋಸಿನಲ್ಲಿ ಮಿಡಿ-ಆಕ್ಸ್, ಮ್ಯಾಕಿನಲ್ಲಿ ಮಿಡಿ ಮಾನಿಟರ್ ಎಂಬ ಪುಟ್ಟ ತಂತ್ರಾಂಶಗಳಿವೆ. ಗುಂಡಿ ಒತ್ತಿದರೆ ಅಂಕಿಗಳು ಪರದೆಯ ಮೇಲೆ ಸಾಲಾಗಿ ಬೀಳುತ್ತವೆ. ಬೀಳದಿದ್ದರೆ ತೊಂದರೆ ತಂತಿಯಲ್ಲೋ ಡ್ರೈವರಿನಲ್ಲೋ ಇದೆ, ಸಂಗೀತದ ತಂತ್ರಾಂಶವನ್ನು ಕೆದಕುವುದು ವ್ಯರ್ಥ. ಒತ್ತಿದಾಗ 127, ಬಿಟ್ಟಾಗ 0 ಬರುತ್ತಿದ್ದರೆ ಪೆಡಲ್ ಮೊಮೆಂಟರಿ ರೀತಿಯಲ್ಲಿದೆ. ಮೊದಲ ಒತ್ತಿಗೆ 127, ಎರಡನೇ ಒತ್ತಿಗೆ 0 ಬಂದರೆ ಅದು ಟಾಗಲ್. ನಾಟಕದಲ್ಲಿ ಪೇಚಿಗೆ ಸಿಕ್ಕಿಸುವುದು ಈ ಎರಡನೆಯದು: ಮೊದಲ ಸಲ ಶಂಖ ಊದುತ್ತದೆ, ಮುಂದಿನ ಸಲ ಮೌನ, ಅದರ ಮುಂದಿನ ಸಲ ಮತ್ತೆ ಊದುತ್ತದೆ. ಪೆಡಲ್ ಕೆಟ್ಟಿದೆಯೆಂದು ಅಂಗಡಿಗೆ ಒಯ್ಯುವ ಮುಂಚೆ ಅದನ್ನು ಮೊಮೆಂಟರಿಗೆ ಬದಲಿಸಿ ನೋಡಿ. ಪರೀಕ್ಷೆ ಮುಗಿದ ಮೇಲೆ ಮಿಡಿ-ಆಕ್ಸನ್ನು ಮುಚ್ಚುವುದು ಮರೆಯಬಾರದು. ವಿಂಡೋಸಿನ ಹಲವು ಮಿಡಿ ಡ್ರೈವರುಗಳು ಒಂದು ಕಂಡಿಯನ್ನು ಒಮ್ಮೆಗೆ ಒಂದೇ ತಂತ್ರಾಂಶಕ್ಕೆ ಬಿಟ್ಟುಕೊಡುತ್ತವೆ.

ತಂತ್ರಾಂಶಗಳಲ್ಲಿ ನಾಟಕದ ಕೆಲಸಕ್ಕೆ ಏಬಲ್ಟನ್ ಲೈವ್ ಚೆನ್ನಾಗಿ ಒಗ್ಗುತ್ತದೆ. ಅದರ ಸೆಟ್ಟಿಂಗ್ಸಿನ ಮಿಡಿ ಪುಟದಲ್ಲಿ ಪೆಡಲಿನ ಹೆಸರಿನ ಎದುರು ‘ರಿಮೋಟ್’ ಎಂಬುದನ್ನು ಆನ್ ಮಾಡಬೇಕು. ‘ಟ್ರ್ಯಾಕ್’ ಆನ್ ಇದ್ದ ಮಾತ್ರಕ್ಕೆ ಕಾಲಿನ ಹಿಡಿತ ಬರುವುದಿಲ್ಲ. ಆಮೇಲೆ ಕಂಟ್ರೋಲ್-ಎಂ ಒತ್ತಿ, ಬೇಕಾದ ಸದ್ದಿನ ಕ್ಲಿಪ್ಪಿನ ಮೇಲೆ ಕ್ಲಿಕ್ ಮಾಡಿ, ಕಾಲಿಂದ ಗುಂಡಿ ಒತ್ತಿ, ಮತ್ತೆ ಕಂಟ್ರೋಲ್-ಎಂ. ನಂಟು ಬಿದ್ದಂತೆಯೇ. ಇನ್ನೊಂದು ಅಡ್ಡಿ ಉಳಿದಿರುತ್ತದೆ. ಲೈವ್ ತಾನಾಗಿ ಬಂದಂತೆ ಬಿಟ್ಟರೆ ಒತ್ತಿದ ಕ್ಲಿಪ್ಪು ಮುಂದಿನ ಆವರ್ತ ಶುರುವಾಗುವವರೆಗೆ ಕಾಯುತ್ತದೆ. ಮೇಲಿನ ಪಟ್ಟಿಯಲ್ಲಿ ‘1 ಬಾರ್’ ಎಂದಿರುವುದನ್ನು ‘ನನ್’ ಮಾಡಿದರೆ ಕಾಲು ಬಿದ್ದ ಗಳಿಗೆಗೇ ಸದ್ದು. ರೀಪರ್ ಬಳಸುವವರು ಪ್ರಿಫರೆನ್ಸಸ್‌ನಲ್ಲಿ ಪೆಡಲಿಗೆ ಕಂಟ್ರೋಲ್ ಸಂದೇಶದ ಅನುಮತಿ ಕೊಟ್ಟು, ಆಕ್ಷನ್ಸ್ ಪಟ್ಟಿಯಲ್ಲಿ ಶಾರ್ಟ್‌ಕಟ್ ಸೇರಿಸುವಾಗ ಪೆಡಲ್ ಒತ್ತಿದರಾಯಿತು. ಮನೆಯಲ್ಲಿ ಒಬ್ಬರೇ ಕೂತು ಹಾಡು ರೆಕಾರ್ಡ್ ಮಾಡುವಾಗ ಶುರು-ನಿಲುಗಡೆ ಎರಡನ್ನೂ ಕಾಲಿಗೆ ಕೊಡಬಹುದು.

ಇನ್ನು ಮುಖ್ಯ ಪ್ರಶ್ನೆ: ಕಾಲಿಗೆ ಯಾವ ಕೆಲಸ? ಯಂತ್ರಕ್ಕಿಂತ ನಾಟಕವನ್ನು ಬಲ್ಲವರೇ ಇದಕ್ಕೆ ಸರಿಯಾಗಿ ಉತ್ತರಿಸಬಲ್ಲರು. ನಮ್ಮ ಕಡೆ ಪಾತ್ರಧಾರಿ ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾನೆ, ತಿಂಗಳುಗಟ್ಟಲೆ ಹಾಡು ಕಲಿಯುತ್ತಾನೆ. ಆ ರಾತ್ರಿ ರಂಗ ಅವನದು. ಒಂದು ಸಾಲನ್ನು ಎಳೆಯುತ್ತಾನೆ, ಆಲಾಪದಲ್ಲಿ ಸುತ್ತುತ್ತಾನೆ, ನೆಂಟರು ‘ಒನ್ಸ್ ಮೋರ್’ ಎಂದರೆ ಮೊದಲಿನಿಂದ ಹಾಡುತ್ತಾನೆ. ಅಳತೆ ಮಾಡಿಟ್ಟ ರೆಡಿಮೇಡ್ ತಾಳ ಅವನನ್ನು ಬಿಟ್ಟು ಮುಂದೆ ಓಡುತ್ತದೆ. ಆದ್ದರಿಂದ ಲಯವನ್ನು ತಬಲಾದವರಿಗೇ ಬಿಡಿ. ಅವರು ಪಾತ್ರಧಾರಿಯ ಉಸಿರು ನೋಡಿ ಬಾರಿಸುತ್ತಾರೆ, ಲ್ಯಾಪ್‌ಟಾಪಿಗೆ ಅದು ಬಾರದು. ಕಾಲಿಗೆ ಕೊಡಬೇಕಾದ್ದು ಎಷ್ಟು ಹೊತ್ತಾದರೂ ನಿಲ್ಲಬಲ್ಲ ಶ್ರುತಿ ಮತ್ತು ಒಂದೇ ಪೆಟ್ಟಿಗೆ ಮುಗಿಯುವ ಶಂಖ, ಸಿಡಿಲಿನಂಥ ಸದ್ದು.

ಶ್ರುತಿಯ ವಿಷಯದಲ್ಲೇ ಪೆಡಲಿನ ನಿಜವಾದ ಉಪಕಾರ ಕಾಣುವುದು. ಊರ ನಾಟಕದಲ್ಲಿ ಒಬ್ಬೊಬ್ಬರ ಕಂಠ ಒಂದೊಂದು ಮನೆಯದು. ಕೃಷ್ಣನದು ಒಂದೂವರೆ, ದುರ್ಯೋಧನನದು ಮೂರು, ದ್ರೌಪದಿಯದು ಐದು ಎಂದಿಟ್ಟುಕೊಳ್ಳಿ. ಮೂರೂ ಶ್ರುತಿಯ ತಂಬೂರಿಯನ್ನು ಮೂರು ಕ್ಲಿಪ್ಪಾಗಿ ಲೈವ್‌ನ ಒಂದೇ ಟ್ರ್ಯಾಕಿನಲ್ಲಿ ಮೇಲೆ ಕೆಳಗೆ ಜೋಡಿಸಿ, ಲೂಪ್ ಆನ್ ಮಾಡಿ, ಮೂರು ಗುಂಡಿಗೆ ಕೊಡಿ. ಒಂದು ಟ್ರ್ಯಾಕಿನಲ್ಲಿ ಒಮ್ಮೆಗೆ ಒಂದೇ ಕ್ಲಿಪ್ಪು ನುಡಿಯುವುದರಿಂದ ದ್ರೌಪದಿಯ ಗುಂಡಿ ಒತ್ತಿದಾಕ್ಷಣ ದುರ್ಯೋಧನನ ಶ್ರುತಿ ತಾನೇ ನಿಲ್ಲುತ್ತದೆ. ನಾಲ್ಕನೇ ಗುಂಡಿ ಬೇರೆ ಟ್ರ್ಯಾಕಿನ ಶಂಖಕ್ಕೆ. ಮಾತಿನ ನಡುವೆ ಶ್ರುತಿ ತಗ್ಗಿಸಲು ಎಕ್ಸ್‌ಪ್ರೆಷನ್ ಪೆಡಲ್ ಒಂದಿದ್ದರೆ ಅದನ್ನು ಆ ಟ್ರ್ಯಾಕಿನ ವಾಲ್ಯೂಮಿಗೆ ಕಟ್ಟಿ: ಹಿಮ್ಮಡಿ ಊರಿದರೆ ನಾದ ಅಡಗುತ್ತದೆ, ಮುಂಗಾಲು ಒತ್ತಿದಂತೆ ಏರುತ್ತದೆ.

ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರು ಸಾಮಾನ್ಯವಾಗಿ ಕೊನೆಯ ತಾಲೀಮಿಗೋ ನಾಟಕದ ದಿನಕ್ಕೋ ಬರುತ್ತಾರೆ. ಅವರ ಮನೆ ಯಾವುದೆಂದು ಗೊತ್ತಾಗುವುದು ಆಗಲೇ. ಕ್ಲಿಪ್ಪಿನ ಟ್ರಾನ್ಸ್‌ಪೋಸ್‌ನಲ್ಲಿ ಒಂದಂಕ ಏರಿಸಿದರೆ ಐದಿದ್ದದ್ದು ಐದೂವರೆಯಾಗುತ್ತದೆ. ಮೂರರಿಂದ ನಾಲ್ಕಕ್ಕೆ ಹೋಗಲೂ ಒಂದೇ ಅಂಕ, ಆ ಎರಡು ಬಿಳಿ ಮನೆಗಳ ನಡುವೆ ಕರಿ ಮನೆಯಿಲ್ಲವಲ್ಲ.

ನಾಟಕದ ರಾತ್ರಿ ಕಾಡುವುದು ಕರೆಂಟು. ಲ್ಯಾಪ್‌ಟಾಪಿನ ಚಾರ್ಜರು, ಮೈಕ್‌ಸೆಟ್ಟು, ಜನರೇಟರು ಒಂದಕ್ಕೊಂದು ಸೇರಿದಾಗ ‘ಗುಂಯ್’ ಎಂಬ ಸದ್ದು ಸ್ಪೀಕರಿನಲ್ಲಿ ಕೂರುತ್ತದೆ. ಐದು ಪಿನ್ನಿನ ಮಿಡಿಯಲ್ಲಿ ಸಂದೇಶ ಬೆಳಕಿನ ಮೂಲಕ ದಾಟುವ ಬಿಡಿಭಾಗವಿದ್ದು ಎರಡು ಸಾಧನಗಳ ವಿದ್ಯುತ್ತು ಬೆರೆಯದು. ಯುಎಸ್‌ಬಿಯಲ್ಲಿ ಆ ಕಾವಲು ಇಲ್ಲ. ಚಾರ್ಜರ್ ಕಿತ್ತ ಕೂಡಲೇ ಗುಂಯ್ ನಿಂತರೆ ದೋಷ ಅಲ್ಲಿಯದೇ. ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ ಹೋಗುವ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿಸಿ. ಇನ್ನೊಂದು ಕಾಟ ಕರೆಂಟಿನದಲ್ಲ, ಲ್ಯಾಪ್‌ಟಾಪಿನದೇ: ಸದ್ದನ್ನು ಹೊರಬಿಡುವ ಮುಂಚೆ ಅದು ಕೂಡಿಡುವ ಬಫರ್ ತೀರ ಚಿಕ್ಕದಿದ್ದರೆ ಸದ್ದು ಚಿಟಪಟ ಒಡೆಯುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ದರದಲ್ಲಿ 256 ಸ್ಯಾಂಪಲ್‌ಗಳ ಬಫರ್ ಇಟ್ಟರೆ ಅದರಿಂದಾಗುವ ತಡ ಸೆಕೆಂಡಿನ ಸಾವಿರದಲ್ಲಿ ಐದು ಪಾಲು ಮಾತ್ರ, ಎರಡು ಮೀಟರ್ ಆಚೆಯ ಸ್ಪೀಕರಿನಿಂದ ಸದ್ದು ಬರುವಷ್ಟು ಹೊತ್ತು. ಶಂಖಕ್ಕೂ ಶ್ರುತಿಗೂ ಅದು ಲೆಕ್ಕಕ್ಕಿಲ್ಲ.

ಪೆಡಲನ್ನು ಸಾಫ್ಟ್‌ವೇರ್ ತೆರೆಯುವ ಮುಂಚೆಯೇ ಸಿಕ್ಕಿಸಿ, ತಾಲೀಮಿನಲ್ಲಿ ಬಳಸಿದ ಕಂಡಿಗೇ ಸಿಕ್ಕಿಸಿ. ಅಡಿಗೆ ಗೋಣಿಚೀಲ ಹಾಸಿದರೆ ಒತ್ತಿದಾಗ ಜಾರದು. ಗುಂಡಿಗಳ ಪಕ್ಕ ಬಿಳಿ ಟೇಪಿನ ಮೇಲೆ ಗುಂಡಿಯ ಅಂಕಿಯನ್ನೂ ಪಾತ್ರದ ಹೆಸರನ್ನೂ ಬರೆದು ಅಂಟಿಸಿ, ನಾಟಕದ ಪುಸ್ತಕದಲ್ಲಿ ಹಾಡಿನ ಎದುರು ಅದೇ ಅಂಕಿಯನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಲ್ಯಾಪ್‌ಟಾಪ್ ನಡುವೆ ನಿಂತುಹೋದರೆ ಹಿಡಿಯಲು ಶ್ರುತಿಪೆಟ್ಟಿಗೆಯೊಂದು ತಬಲಾದವರ ಪಕ್ಕದಲ್ಲಿ, ಆ ದೃಶ್ಯದ ಮನೆಗೆ ಹೊಂದಿಸಿ, ಸಿದ್ಧವಾಗಿರಲಿ.