ಕೊರಿಯಾದಲ್ಲೇ ಹುಟ್ಟಿದ ಪಾಂಡಾ ಮರಿಯನ್ನು ಚೀನಾಕ್ಕೆ ಕಳಿಸಿದ್ದು ಯಾಕೆ? ಇಲ್ಲಿದೆ ಮಾಹಿತಿ

ಸಾಕಿದವರ ಕಾಲನ್ನು ತಬ್ಬಿಕೊಂಡು ಬಿಡದ ಪಾಂಡಾ ಮರಿಯ ರೀಲ್ಸ್ ನೀವೂ ನೋಡಿರ್ತೀರಿ. ಅದರ ಹೆಸರು ಫು ಬಾವೊ. 2020ರ ಜುಲೈ 20ರಂದು ದಕ್ಷಿಣ ಕೊರಿಯಾದ ಎವರ್‌ಲ್ಯಾಂಡ್ ಪಾರ್ಕ್‌ನಲ್ಲಿ ಹುಟ್ಟಿತು. ಆಗ ತೂಕ ಬರೀ 197 ಗ್ರಾಂ, ಕಾಲು ಕೆಜಿಗೂ ಕಮ್ಮಿ!

ಗೆಳೆಯರನ್ನು ಕಟ್ಟಿಕೊಂಡು ಬಂದ ಜನ ಕೊನೆ ದಿನಗಳಲ್ಲಿ ಗಂಟೆಗಟ್ಟಲೆ ಕ್ಯೂ ನಿಂತರು. ನೋಡೋಕೆ ಸಿಕ್ಕಿದ್ದು ಐದೇ ನಿಮಿಷ.

ಹಾಗಾದ್ರೆ ಕಳಿಸಿದ್ದೇಕೆ? ನಮ್ಮ ಕಡೆ ಹಸುವನ್ನು ಪಾಲಿಗೆ ಕೊಟ್ರೆ ಕರುವಿನಲ್ಲಿ ಸಾಕಿದವರಿಗೂ ಪಾಲಿರುತ್ತೆ. ಪಾಂಡಾ ಲೆಕ್ಕ ಹಾಗಲ್ಲ. ಚೀನಾ ಬೇರೆ ದೇಶಗಳಿಗೆ ಪಾಂಡಾ ಮಾರುವುದಿಲ್ಲ, ಒಪ್ಪಂದ ಮಾಡಿಕೊಂಡು ಕೆಲವು ವರ್ಷಕ್ಕೆ ಕೊಡುತ್ತೆ. ಅಲ್ಲಿ ಮರಿ ಹುಟ್ಟಿದ್ರೂ ಅದು ಚೀನಾದ್ದೇ. ಕಾಡಿನಲ್ಲಿ ಉಳಿದಿರೋ ಪಾಂಡಾಗಳು ಸುಮಾರು 1,900 ಮಾತ್ರ. ಹೀಗಾಗಿ ಮರಿಗೆ ನಾಲ್ಕು ವರ್ಷ ತುಂಬುವ ಮೊದಲೇ, ಜೋಡಿ ಸಿಕ್ಕಿ ಸಂತಾನ ಬೆಳೆಯಲಿ ಅಂತ ವಾಪಸ್ ಕಳಿಸಬೇಕು.

2024ರ ಏಪ್ರಿಲ್ 3ರಂದು ಫು ಬಾವೊ ಹೊರಟಾಗ ಮಳೆಯಲ್ಲೇ ಸಾವಿರಾರು ಜನ ಸೇರಿದ್ರು. ಮರಿ ಕಾಣಲಿಲ್ಲ, ಅದನ್ನು ಹೊತ್ತ ಲಾರಿ ನೋಡಿಯೇ ಅತ್ತರು. ಹುಟ್ಟಿದಾಗಿನಿಂದ ಸಾಕಿದ ಕಾಂಗ್ ಚೋಲ್-ವೋನ್ ಅವರನ್ನು ಜನ ಪಾಂಡಾದ ತಾತ ಅಂತಾರೆ. ಹಿಂದಿನ ದಿನವಷ್ಟೇ ಅವರ ತಾಯಿ ತೀರಿಕೊಂಡಿದ್ರು. ಆದ್ರೂ ಮರಿ ಜೊತೆ ಚೀನಾಕ್ಕೆ ಹೋಗಿ ಬಿಟ್ಟು ಬಂದರು.

2023ರ ಜುಲೈನಲ್ಲಿ ಅದೇ ತಾಯಿಗೆ ಅವಳಿ ಮರಿಗಳಾಗಿವೆ. ಅವಕ್ಕೂ ಇದೇ ನಿಯಮ.