ನರಗುಂದದ ಗ್ರಂಥಗಳು, ಗಡಿನಾಡಿನ ಕುದುರೆಗಳು

ಮಲಪ್ರಭೆಯ ದಂಡೆಯ ಮೆಣಸಗಿ, ನಕಾಶೆಯಲ್ಲಿ ಹುಡುಕಿದರಷ್ಟೇ ಸಿಗುವ ಊರು. ರೋಣ ತಾಲ್ಲೂಕಿಗೆ ಸೇರಿದ ಈ ಗ್ರಾಮದ ಆಸುಪಾಸಿನಲ್ಲಿ ಬೆಣ್ಣೆಹಳ್ಳವು ಹೊಳೆಯನ್ನು ಕೂಡುತ್ತದೆ. ಸುತ್ತಲೂ ಎರೆಯ ಹೊಲ. ಹಿಂಗಾರಿನಲ್ಲಿ ಕಣ್ಣು ಹರಿದಷ್ಟು ದೂರ ಬಿಳಿಜೋಳ. ಪಡುವಣಕ್ಕೆ ನರಗುಂದದ ಗುಡ್ಡ, ಬಡಗಣಕ್ಕೆ ಬಾದಾಮಿಯ ಕೋಟೆ, ಮೂಡಣಕ್ಕೆ ಗಜೇಂದ್ರಗಡ. ಚಾಲುಕ್ಯರ ಕಾಲದಲ್ಲಿ ನಾಡಿನ ನಡುಮನೆಯಾಗಿದ್ದ ಈ ಬಯಲು, ವಿಜಯನಗರ ಮತ್ತು ಬಹಮನಿ ರಾಜ್ಯಗಳು ಎದುರುಬದುರು ನಿಂತ ಮೇಲೆ ಒಬ್ಬರ ರಾಜ್ಯದ ಅಂಚಾಯಿತು, ಇನ್ನೊಬ್ಬರ ದಂಡಿನ ದಾರಿಯಾಯಿತು. ಗಡಿನಾಡೆಂದರೆ ಹೀಗೆಯೇ. ಬಿತ್ತುವವರು ಒಬ್ಬರು, ಕರ ಕೇಳಲು ಬರುವವರು ಇಬ್ಬರು.

1778ರಲ್ಲಿ ಹೈದರ್ ಅಲಿಯ ಸೈನ್ಯ ಧಾರವಾಡದ ಸೀಮೆಗೆ ಬಂದಿತು. 1785ರಲ್ಲಿ ಟೀಪು ಸುಲ್ತಾನನ ದಂಡು ನರಗುಂದವನ್ನು ಮುತ್ತಿ ವಶಪಡಿಸಿಕೊಂಡಿತು. ಎರಡೇ ವರ್ಷ, 1787ರ ಗಜೇಂದ್ರಗಡದ ಒಪ್ಪಂದದಂತೆ ನರಗುಂದ, ಬಾದಾಮಿ, ಕಿತ್ತೂರುಗಳು ಮತ್ತೆ ಮರಾಠರ ಕೈಗೆ ಹೋದವು. 1818ರಲ್ಲಿ ಥಾಮಸ್ ಮನ್ರೋ ಬಾದಾಮಿಯನ್ನು ಹಿಡಿದ. ಈ ಬಯಲಿನ ಒಕ್ಕಲಿಗ ಒಂದೇ ಆಯುಷ್ಯದಲ್ಲಿ ಮೂರು ಧ್ವಜಗಳನ್ನು ಕಂಡನೆಂದರೆ ಅತಿಶಯೋಕ್ತಿಯಲ್ಲ. ಆ ಮೂರೂ ಧ್ವಜಗಳು ಬಂದದ್ದು ಕುದುರೆಯ ಬೆನ್ನಿನ ಮೇಲೆ.

ಈ ಸೀಮೆಯ ಚರಿತ್ರೆಯ ಮತ್ತು ಕುದುರೆಗಳ ಹಳೆಯ ಗ್ರಂಥಗಳನ್ನು ಕೂಡಿಹಾಕುವ ಹವ್ಯಾಸಿಗಳು ಇಂದಿಗೂ ಅಲ್ಲಲ್ಲಿ ಇದ್ದಾರೆ. ಅವರಿಗೆಲ್ಲ ಹಿರಿಯನೆನಿಸಬಹುದಾದವನು ಇದೇ ನೆಲದ ದೊರೆ, ನರಗುಂದದ ಭಾಸ್ಕರರಾವ್ ಭಾವೆ. ಜನ ಅವನನ್ನು ಬಾಬಾಸಾಹೇಬನೆಂದು ಕರೆದರು. ಚರಿತ್ರೆ ಅವನನ್ನು ನೆನೆಯುವುದು 1858ರ ಬಂಡಾಯಕ್ಕಾಗಿ. ಆದರೆ ಅವನು ತಾನೇ ಆರಿಸಿ ಸಂಗ್ರಹಿಸಿದ 3,000ದಿಂದ 4,000 ಗ್ರಂಥಗಳ ಭಂಡಾರವೊಂದು ನರಗುಂದದಲ್ಲಿತ್ತೆಂದು, ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರಲ್ಲಿ ಅವನೇ ಹೆಚ್ಚಿನ ಬುದ್ಧಿವಂತನೆಂದು, ಅವನನ್ನು ಗಲ್ಲಿಗೇರಿಸಿದ ಇಂಗ್ಲಿಷರ ಇತಿಹಾಸಕಾರರೇ ಬರೆದಿಟ್ಟಿದ್ದಾರೆ. ಶತ್ರುವಿನ ಬಾಯಿಂದ ಬಂದ ಹೊಗಳಿಕೆಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಮಕ್ಕಳಿಲ್ಲದ ದೊರೆಗೆ ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಅನುಮತಿ ಕೊಡಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದ. ಜೂನ್ ಮೊದಲ ದಿನಗಳಲ್ಲಿ ಮಾಲ್ಕಮನ ಕೈಕೆಳಗಿನ ಸದರ್ನ್ ಮರಾಠಾ ಹಾರ್ಸ್ ಎಂಬ ಕುದುರೆ ಪಡೆ ನರಗುಂದದ ಬಯಲಿಗೆ ಬಂದಿಳಿಯಿತು. ಬೆಟ್ಟದ ಕೋಟೆ ಬಿದ್ದಿತು. ಯಾತ್ರಿಕನ ವೇಷದಲ್ಲಿ ತಪ್ಪಿಸಿಕೊಂಡಿದ್ದ ಬಾಬಾಸಾಹೇಬ ಸಿಕ್ಕಿಬಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಬಿದ್ದು ಪ್ರಾಣ ಬಿಟ್ಟರು. ಸಂಸ್ಥಾನ ಜಪ್ತಿಯಾಯಿತು. ಆ ಸಾವಿರಾರು ಗ್ರಂಥಗಳು ಇಂದು ನರಗುಂದದಲ್ಲಿಲ್ಲ. ಒಂದು ಮನೆತನ ಅಳಿದರೆ ಅದರ ಚಿನ್ನವನ್ನು ಎಣಿಸಿಕೊಳ್ಳುವವರು ಇರುತ್ತಾರೆ. ಹೊತ್ತಗೆಗಳನ್ನು ಎಣಿಸುವವರು ಯಾರು?

ಅಂದು ನಡೆದುದನ್ನು ತಿಳಿಯಬಯಸುವವರು ಇಂದು ಗೆದ್ದವರ ಪುಸ್ತಕಗಳನ್ನೇ ಆಶ್ರಯಿಸಬೇಕಾಗಿದೆ. ಆಗ ಈ ಸೀಮೆಯ ಮೇಲಧಿಕಾರಿಯಾಗಿದ್ದ ಲೆ ಗ್ರ್ಯಾಂಡ್ ಜೇಕಬನು ದಂಗೆಯ ಕಾಲದ ಪಶ್ಚಿಮ ಭಾರತವನ್ನು ಕುರಿತು 1871ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. 1884ರಲ್ಲಿ ಮುಂಬಯಿ ಗ್ಯಾಝೆಟಿಯರಿನ ಇಪ್ಪತ್ತೆರಡನೆಯ ಸಂಪುಟವಾಗಿ ಧಾರವಾಡ ಜಿಲ್ಲೆಯ ವಿವರ ಹೊರಬಂದಿತು. ಹಳ್ಳ, ಬೆಳೆ, ಸಂತೆ, ಶಾಸನ ಯಾವುದನ್ನೂ ಬಿಡದ ಈ ಸಂಪುಟವಿಲ್ಲದೆ ಇಲ್ಲಿನ ಸಂಗ್ರಾಹಕನ ಕಪಾಟು ಅಪೂರ್ಣ. ಫ್ಲೀಟನು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು 1882ರಲ್ಲಿ ಬರೆದ ಪುಸ್ತಕವನ್ನು ಅದರ ಪಕ್ಕದಲ್ಲಿಯೇ ಇಡುವುದು ವಾಡಿಕೆ.

ಕುದುರೆಯ ವಿಷಯಕ್ಕೆ ಬಂದರೆ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿಯ ಗ್ರಂಥಕ್ಕೆ ಮೊದಲ ಮಣೆ. ಪರಶುರಾಮ ಭಾವುವಿನ ಮರಾಠಾ ದಂಡಿನೊಡನೆ ಕ್ಯಾಪ್ಟನ್ ಲಿಟ್ಲನ ತುಕಡಿಯಲ್ಲಿ ನಡೆದುಬಂದ ಇವನು, 1790-91ರ ಧಾರವಾಡದ ಮುತ್ತಿಗೆಯನ್ನು ಕಣ್ಣಾರೆ ಕಂಡು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಅಚ್ಚುಹಾಕಿಸಿದ. ಮರಾಠಾ ಸವಾರರಲ್ಲಿ ಎರಡು ಬಗೆ. ಸರ್ಕಾರದ ಪಾಗೆಯ ಕುದುರೆಯನ್ನೇರುವವನು ಬಾರಗೀರ; ಸ್ವಂತ ಕುದುರೆ ತರುವವನು ಶಿಲೇದಾರ. ಬಾರಗೀರನ ಕುದುರೆ ಸತ್ತರೆ ಸರ್ಕಾರಕ್ಕೆ ನಷ್ಟ. ಶಿಲೇದಾರನ ಕುದುರೆ ಸತ್ತರೆ ಅವನ ಮನೆಯ ಒಲೆಯೇ ಆರಿದಂತೆ. ಅಂಥವನು ತೋಪಿನ ಬಾಯಿಗೆ ಎದುರಾಗಿ ಕುದುರೆ ನುಗ್ಗಿಸಲು ಹಿಂದೆಮುಂದೆ ನೋಡಿದರೆ ಅದು ಹೇಡಿತನವೇ? ಇಂಗ್ಲಿಷ್ ಲೇಖಕರು ಹಲವರು ಹಾಗೆಂದೇ ಬರೆದರು. ಹೊಟ್ಟೆಪಾಡಿನ ಲೆಕ್ಕ ಅವರಿಗೆ ತಿಳಿಯದ್ದಲ್ಲ; ಬರೆಯುವಾಗ ಮರೆತರು ಅಷ್ಟೆ.

ದಕ್ಷಿಣದ ಅರಸರಿಗೆ ಕುದುರೆಯ ಹಸಿವು ಎಂದೂ ತೀರಲಿಲ್ಲ. ಒಳ್ಳೆಯ ತಳಿ ಕಡಲು ದಾಟಿ ಬರಬೇಕಾಗಿತ್ತು. ಹೋರ್ಮುಜ್, ಏಡನ್ ಬಂದರುಗಳಿಂದ ಹಡಗೇರಿದ ಅರಬ್ಬೀ ಕುದುರೆಗಳು ಭಟಕಳ, ಹೊನ್ನಾವರ, ಗೋವೆಗಳಲ್ಲಿ ಇಳಿಯುತ್ತಿದ್ದವು. 1510ರಲ್ಲಿ ಪೋರ್ತುಗೀಜರು ಗೋವೆಯನ್ನು ಹಿಡಿದ ಮೇಲೆ ಈ ವ್ಯಾಪಾರದ ಜುಟ್ಟು ಅವರ ಕೈಗೆ ಸಿಕ್ಕಿತು. ಕುದುರೆಯ ವ್ಯಾಪಾರಕ್ಕಾಗಿಯೇ ವಿಜಯನಗರಕ್ಕೆ ಬಂದವನೆಂದು ಪ್ರತೀತಿಯಿರುವ ನೂನಿಜ್ ಒಂದು ಸ್ವಾರಸ್ಯದ ಸಂಗತಿ ಹೇಳುತ್ತಾನೆ. ಸಾಳುವ ನರಸಿಂಹನು ಸಾವಿರ ವರಹಕ್ಕೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ಬದುಕಿ ಬಂದವೂ ಅದೇ ಲೆಕ್ಕ, ಸತ್ತವೂ ಅದೇ ಲೆಕ್ಕ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಹಣ ಎಣಿಸಿ ಕೊಡುತ್ತಿದ್ದರು! ಕೃಷ್ಣದೇವರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಂಡು, ಉತ್ತಮವಾದವನ್ನು ತನ್ನ ಲಾಯಕ್ಕಿಟ್ಟುಕೊಂಡು ಉಳಿದವನ್ನು ನಾಯಕರಿಗೆ ಹಂಚುತ್ತಿದ್ದನೆಂಬುದೂ ಅವನದೇ ಮಾತು. ವ್ಯಾಪಾರಿಯ ಬಾಯಿಯ ಲೆಕ್ಕವಾದ್ದರಿಂದ ತುಸು ಕಳೆದೇ ಓದಬೇಕು. ಈ ಬರಹವನ್ನು ಪೇಸನ ವರ್ಣನೆಯೊಡನೆ ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚುಮಾಡಿಸಿದ. 1900ರಲ್ಲಿ ರಾಬರ್ಟ್ ಸೆವೆಲ್ ಇಂಗ್ಲಿಷಿಗೆ ತಂದ. ಸೆವೆಲನ ಗ್ರಂಥ ‘ಮರೆತುಹೋದ ಮಹಾಸಾಮ್ರಾಜ್ಯ’ವೆಂದು ಕನ್ನಡದಲ್ಲಿಯೂ ದೊರೆತಿರುವುದು ಮನೆಮಂದಿಯೆಲ್ಲ ಓದುವುದಕ್ಕೆ ಅನುಕೂಲವಾಗಿದೆ.

ಪರದೇಶಿಗಳ ಪುಸ್ತಕಗಳಿಷ್ಟೇ ಅಲ್ಲ. ಕುದುರೆಯನ್ನು ಕುರಿತು ನಮ್ಮವರು ಬರೆದದ್ದೂ ಕಡಿಮೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಭೂಲೋಕಮಲ್ಲ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ವಿನೋದಕ್ಕೇ ಮೀಸಲಾದ ಭಾಗವಿದೆ. ಸವಾರರು ಎರಡು ತಂಡಗಳಾಗಿ ಕೋಲಿನಿಂದ ಚೆಂಡನ್ನು ಹೊಡೆದು ತೋರಣ ದಾಟಿಸುವ ಆಟದ ವರ್ಣನೆಯನ್ನು ಓದಿದವರಿಗೆ ಪೋಲೋ ನೆನಪಿಗೆ ಬಾರದಿರದು. ಹನ್ನೆರಡನೆಯ ಶತಮಾನದ ಈ ಸಂಸ್ಕೃತ ಗ್ರಂಥವನ್ನು ಬರೋಡೆಯವರು 1925, 1939 ಮತ್ತು 1961ರಲ್ಲಿ ಮೂರು ಸಂಪುಟಗಳಾಗಿ ಹೊರತಂದರು. ಮೊದಲ ಸಂಪುಟ ಕೊಂಡವನು ಮೂರನೆಯದಕ್ಕೆ ಮೂವತ್ತಾರು ವರ್ಷ ಕಾಯಬೇಕಾಯಿತು! ಮೂರೂ ಒಟ್ಟಿಗಿರುವ ಕಟ್ಟು ಹಳೆಯ ಅಂಗಡಿಗಳಲ್ಲಿ ಅಪರೂಪವಾಗಿರುವುದಕ್ಕೆ ಇದೇ ಕಾರಣವಿರಬೇಕು. ಕನ್ನಡದಲ್ಲಿ ಸುಮಾರು 1400ರ ಅಭಿನವಚಂದ್ರನ ಅಶ್ವವೈದ್ಯ ಗ್ರಂಥವುಂಟು. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನು ಬರೆದ ‘ಹಯಸಾರ ಸಮುಚ್ಚಯ’ವುಂಟು. ಇಂಥ ಹೆಸರುಗಳನ್ನು ಹುಡುಕುವವನಿಗೆ ದಾರಿದೀಪ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’. ಕುದುರೆಯ ಸುಳಿ ನೋಡಿ ಗುಣ ಹೇಳುವುದು, ಕೊರಳಿನ ದೇವಮಣಿ, ನಾಲ್ಕು ಕಾಲೂ ಮುಖವೂ ಬೆಳ್ಳಗಿರುವ ಪಂಚಕಲ್ಯಾಣಿ, ಇವೆಲ್ಲ ಅಶ್ವಶಾಸ್ತ್ರದಿಂದ ಅಜ್ಜಿಯ ಕಥೆಗೆ ಇಳಿದುಬಂದ ಮಾತುಗಳೇ.

ಸಂಗ್ರಾಹಕರಲ್ಲಿ ಪಳಗಿದವರು ಪುಸ್ತಕವನ್ನು ಕೈಗೆತ್ತಿಕೊಂಡೊಡನೆ ಮೊದಲು ನೋಡುವುದು ನಕಾಶೆಯನ್ನು. ದಂಡಯಾತ್ರೆಯ ಗ್ರಂಥಗಳಲ್ಲಿ ಮಡಿಚಿಟ್ಟ ನಕಾಶೆಯೇ ಪ್ರಾಣ. ಮೊದಲು ಹರಿದುಹೋಗುವುದೂ ಅದೇ. ಇಂದು ಇಂಥ ಗ್ರಂಥಗಳು ಗಣಕಯಂತ್ರದ ಪರದೆಯ ಮೇಲೆ ಬಿಟ್ಟಿಯಾಗಿ ಸಿಗುತ್ತವೆ, ನಿಜ. ಆದರೆ ಪ್ರತಿಯೆತ್ತುವ ಅವಸರದಲ್ಲಿ ಮಡಿಕೆಯನ್ನು ಬಿಚ್ಚದೆಯೇ ನಕಾಶೆಯ ಬೆನ್ನನ್ನಷ್ಟೇ ತೆಗೆದಿಟ್ಟ ಪ್ರತಿಗಳು ಎಷ್ಟೋ! ಹೊಳೆ ಎಲ್ಲಿ ದಾಟಿದರು, ಯಾವ ಹಳ್ಳದ ಬಳಿ ಡೇರೆ ಹೊಡೆದರು ಎಂಬುದನ್ನು ತಿಳಿಯಲು ಕಾಗದದ ಪುಸ್ತಕವೇ ಬೇಕು. ಮೊದಲ ಮುದ್ರಣದ ಮೋಹವೊಂದೇ ಸಲ್ಲದು. ವಿಲ್ಕ್ಸನ ಮೈಸೂರಿನ ಇತಿಹಾಸ 1810ರಿಂದ 1817ರವರೆಗೆ ಲಂಡನ್ನಿನಲ್ಲಿ ಬಂದುದು. ಓದುವವನಿಗೆ 1930ರಲ್ಲಿ ಮೈಸೂರು ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾದ ಪ್ರತಿಯೇ ಹೆಚ್ಚು ಹಿತ.

ಅಚ್ಚಾದ ಗ್ರಂಥ ಇನ್ನೆಲ್ಲಿಯಾದರೂ ಒಂದು ಪ್ರತಿ ಉಳಿದಿರುತ್ತದೆ. ಕೈಬರಹದ ಗತಿ ಹಾಗಲ್ಲ. ಈ ಸೀಮೆಯ ಹಳೆಯ ದೇಸಾಯಿ, ಕುಲಕರ್ಣಿ ಮನೆತನಗಳ ಪೆಟ್ಟಿಗೆಗಳಲ್ಲಿ ರುಮಾಲಿನಲ್ಲಿ ಸುತ್ತಿದ ಕಾಗದಗಳಿರುವುದುಂಟು. ಬರಹ ಮೋಡಿ ಲಿಪಿಯಲ್ಲಿ; ಮೊಮ್ಮಕ್ಕಳಿಗೆ ಅದು ಇರುವೆಯ ಸಾಲು. ಓದಲು ಬಾರದ್ದೆಂದು ರದ್ದಿಯವನಿಗೆ ತೂಗಿ ಹಾಕಿದ ಗಂಟಿನಲ್ಲಿ ಯಾವ ಶಿಲೇದಾರನ ಕುದುರೆಯ ಬಣ್ಣ, ಗುರುತು, ಬೆಲೆ ಇತ್ತೋ ಬಲ್ಲವರಾರು! ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಹಸ್ತಪ್ರತಿಗಳನ್ನೂ ಶಾಸನಗಳನ್ನೂ ಕೂಡಿಸುತ್ತ ಬಂದಿದೆ. ಮನೆಯಲ್ಲಿ ಇಡಲಾಗದವರು ಇಂಥ ಕಡೆ ಒಪ್ಪಿಸುವುದು ಲೇಸು.

ಮಲಪ್ರಭೆಯ ದಂಡೆಯಲ್ಲಿ ಇದು ಮುಂದಕ್ಕೆ ಹಾಕುವ ಮಾತಲ್ಲ. 2009ರಲ್ಲಿ ಹೊಳೆ ಉಕ್ಕಿತು. ಹತ್ತು ವರ್ಷ ಕಳೆದು 2019ರಲ್ಲಿ ಮತ್ತೆ ಉಕ್ಕಿತು. ರೋಣ ತಾಲ್ಲೂಕಿನ ಹೊಳೆದಂಡೆಯ ಊರುಗಳ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಅಂಥ ಹೊತ್ತಿನಲ್ಲಿ ಮಕ್ಕಳು, ದನಕರು, ಕಾಳಿನ ಚೀಲ ಮೊದಲು. ಕಾಗದದ ನೆನಪು ಯಾರಿಗೆ ಬಂದೀತು? ಆದ್ದರಿಂದ ಪೆಟ್ಟಿಗೆಯನ್ನು ನೆಲದ ಮೇಲಿಡದೆ ಮಳೆಗಾಲಕ್ಕೆ ಮುನ್ನವೇ ಎತ್ತರಕ್ಕೇರಿಸಬೇಕು. ನೆನೆದರೂ ಕೈಬಿಡಬೇಕಾಗಿಲ್ಲ. ಒದ್ದೆ ಪುಸ್ತಕವನ್ನು ಬಿಸಿಲಿಗೆ ಹಾಕಿದರೆ ಹಾಳೆ ಸುರುಟಿ ರಟ್ಟು ಸೆಟೆಯುತ್ತದೆ. ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ, ನಡುನಡುವೆ ಒತ್ತುಕಾಗದ ಇಟ್ಟು, ಅದು ಒದ್ದೆಯಾದಂತೆಲ್ಲ ಬದಲಿಸುತ್ತಿರಬೇಕು. ಅಂಟಿಕೊಂಡ ಹಾಳೆಗಳನ್ನು ಬಲವಂತವಾಗಿ ಬಿಡಿಸಬಾರದು. ಒಂದೆರಡು ದಿನಗಳೊಳಗೆ ಈ ಕೆಲಸ ತೊಡಗದಿದ್ದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ಕೆಸರಿನ ಪುಡಿಯನ್ನು ಕೊಡವಿ, ಹಳೆಯ ರುಮಾಲನ್ನೇ ಒಗೆದೊಣಗಿಸಿ ಮತ್ತೆ ಸುತ್ತಿಡಬಹುದು.